ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ತಾಪ ಸೆನ್ಸರ್: ದೋಷ ಪತ್ತೆ ಮತ್ತು ದುರಸ್ತಿ

ಬಾಡಿಗೆಗಾಗಲಿ ಕಚೇರಿಯ ಬಳಕೆಗಾಗಲಿ ಆಟೋಮ್ಯಾಟಿಕ್ ಕಾರುಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳಿಗೆ ಗೇರ್‌ಬಾಕ್ಸ್ ದುರಸ್ತಿಯು ಭಾರಿ ವೆಚ್ಚದ ಬಾಬತ್ತು. ಗೇರು ತಡವಾಗಿ ಬದಲಾಗುವುದಕ್ಕೂ ಇಂಧನ ಹೆಚ್ಚು ಖರ್ಚಾಗುವುದಕ್ಕೂ ಕೆಲವೊಮ್ಮೆ ಕಾರಣವಾಗುವುದು ಪುಟ್ಟದೊಂದು ತಾಪ ಸೆನ್ಸರ್ ಮಾತ್ರ.

ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆಯನ್ನು ನಿಯಂತ್ರಕ ಕಂಪ್ಯೂಟರಿಗೆ ತಿಳಿಸುವುದು ಇದರ ಕೆಲಸ. ಸಾಮಾನ್ಯವಾಗಿ ಎಣ್ಣೆ ಕಾದಂತೆಲ್ಲ ಸೆನ್ಸರಿನ ವಿದ್ಯುತ್ ರೋಧ ಇಳಿಯುತ್ತದೆ. ತಂತಿ ತುಂಡಾದರೆ ರೋಧ ವಿಪರೀತ ಏರಿ, ಎಣ್ಣೆ ಅತಿಶೀತವಾಗಿರುವಂತೆ ತೋರುತ್ತದೆ; ಪಿ 0713 ಸಂಕೇತ ದಾಖಲಾಗುತ್ತದೆ. ತಂತಿ ಅರ್ತ್ ಆದರೆ ಎಣ್ಣೆ ಅತಿಯಾಗಿ ಕಾದಂತೆ ತೋರಿ ಪಿ 0712 ದಾಖಲಾಗುತ್ತದೆ.

ಮೊದಲು ಎಣ್ಣೆಯ ಮಟ್ಟ, ಬಣ್ಣ, ವಾಸನೆಗಳನ್ನು ನೋಡಬೇಕು. ಸುಟ್ಟ ವಾಸನೆಯಿದ್ದರೆ ಗೇರ್‌ಬಾಕ್ಸ್ ನಿಜವಾಗಿಯೇ ಕಾದಿರುವ ಸಂಭವವುಂಟು. ಆಗ ಸೆನ್ಸರನ್ನು ದೂಷಿಸುವುದು ಅಪಾಯಕರ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ ಕೂಲೆಂಟ್ ಹಾಗೂ ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆಗಳು ಸ್ಕ್ಯಾನರ್‌ನಲ್ಲಿ ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಬಹಳ ವ್ಯತ್ಯಾಸವಿದ್ದರೆ ಕನೆಕ್ಟರಿನ ತುಕ್ಕು, ತಂತಿಯ ಸವೆತಗಳನ್ನು ಪರಿಶೀಲಿಸಿ, ಬಳಿಕ ಮಲ್ಟಿಮೀಟರಿನಿಂದ ಎಣ್ಣೆ ತಣ್ಣಗಿರುವಾಗಲೂ ಕಾದಾಗಲೂ ರೋಧವನ್ನು ಅಳೆದು ತಯಾರಕರ ಕೋಷ್ಟಕದೊಡನೆ ಹೋಲಿಸಬೇಕು.

ತಾಳೆಯಾಗದಿದ್ದಲ್ಲಿ ಮಾತ್ರ ಸೆನ್ಸರ್ ಬದಲಾಯಿಸತಕ್ಕದ್ದು. ಅನೇಕ ಕಾರುಗಳಲ್ಲಿ ಇದು ಗೇರ್‌ಬಾಕ್ಸ್‌ನೊಳಗೇ ಇರುವುದರಿಂದ ಎಣ್ಣೆಯ ತಟ್ಟೆಯನ್ನು ಇಳಿಸಬೇಕಾಗುತ್ತದೆ. ಮರಳಿ ತುಂಬುವಾಗ ತಯಾರಕರು ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸಿ, ದಾಖಲಾದ ಸಂಕೇತವನ್ನು ಅಳಿಸಿ, ಕಾರನ್ನು ಓಡಿಸಿ ನೋಡಬೇಕು. ಈ ಅಳತೆಗಳ ವರದಿಯನ್ನು ಕೇಳಿ ಪಡೆಯದೆ ದೊಡ್ಡ ದುರಸ್ತಿಗೆ ಒಪ್ಪಿಗೆ ನೀಡದಿರುವುದು ಮಾಲೀಕರಿಗೆ ಕ್ಷೇಮ.