ಗೂಬೆಯ ಕಿವಿಗೆ ಕಣ್ಣೇ ಗುರು

ಹಳೆಯ ಗುಡಿಯ ಗೋಪುರದಲ್ಲೋ ಪಾಳುಮನೆಯ ಅಟ್ಟದಲ್ಲೋ ನೆಲೆಸುವ ಕಣಜ ಗೂಬೆ ಕತ್ತಲಲ್ಲಿ ಇಲಿ ಹಿಡಿಯುವುದು ಕಣ್ಣಿನ ಬಲದಿಂದ ಎಂದೇ ಬಹಳ ಜನ ನಂಬಿದ್ದಾರೆ. ಅದರ ಕಣ್ಣು ಚುರುಕು, ನಿಜ. ಆದರೆ ಚೂರೂ ಬೆಳಕು ನುಸುಳದ ಕೋಣೆಯಲ್ಲೂ ಅದು ಗುರಿ ತಪ್ಪದೆ ಎರಗುತ್ತದೆ. ಮುಂದೆ ತಿಮಿಂಗಿಲಗಳ ಹಾಡಿನಿಂದ ಹೆಸರಾದ ಅಮೆರಿಕದ ರೋಜರ್ ಪೇನ್, ತರಗೆಲೆ ಹರಡಿದ ನೆಲದ ಮೇಲೆ ಇಲಿಯಷ್ಟು ದಪ್ಪದ ಕಾಗದದ ಉಂಡೆಯನ್ನು ಕತ್ತಲಲ್ಲಿ ಎಳೆದು ನೋಡಿದರು. ಗೂಬೆ ಅದರ ಮೇಲೂ ಬಿತ್ತು. ಕಾಗದಕ್ಕೆ ಇಲಿಯ ವಾಸನೆಯಿಲ್ಲ, ಮೈಬಿಸಿಯಿಲ್ಲ. ಇದ್ದದ್ದು ಎಲೆಗಳ ಸರಪರ ಸದ್ದೊಂದೇ.

ಇದರಲ್ಲೊಂದು ತೊಡಕಿದೆ. ಕಣ್ಣಿನ ಪರದೆಯ ಮೇಲೆ ಎಡಗಡೆಯದು ಒಂದು ಕಡೆ, ಬಲಗಡೆಯದು ಇನ್ನೊಂದು ಕಡೆ ಬೀಳುವುದರಿಂದ ಜಾಗದ ನಕ್ಷೆ ತಾನಾಗಿಯೇ ಸಿಗುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ಒಳಗಿವಿ ಸದ್ದನ್ನು ಕೀರಲು, ಗಡಸು ಎಂದು ಬಿಡಿಸಿ ಕೊಡುತ್ತದೆಯೇ ಹೊರತು ಅದು ಎಲ್ಲಿಂದ ಬಂತೆಂದು ಹೇಳುವುದಿಲ್ಲ. 'ಎಲ್ಲಿ' ಎಂಬುದನ್ನು ಮಿದುಳೇ ಲೆಕ್ಕ ಹಾಕಬೇಕು.

ಬಲಗಡೆಯ ಸದ್ದು ಬಲಗಿವಿಗೆ ತುಸು ಮೊದಲು ಮುಟ್ಟುತ್ತದೆ. ಈ ಅಂತರ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಬದಲಾದರೂ ಗೂಬೆಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿನಲ್ಲಿ ಸದ್ದು ಸಾಗುವುದು ಸುಮಾರು ಮೂರೂವರೆ ಮಿಲಿಮೀಟರ್. ನರಕೋಶದ ಒಂದು ಮಿಡಿತಕ್ಕೇ ಇದರ ನೂರು ಪಟ್ಟು ಸಮಯ ಹಿಡಿಯುತ್ತದೆ! ಹಾಗಿದ್ದರೆ ಹೇಗೆ? ಮನೋವಿಜ್ಞಾನಿ ಲಾಯ್ಡ್ ಜೆಫ್ರೆಸ್ 1948ರಲ್ಲಿ ಒಂದು ಊಹೆ ಮುಂದಿಟ್ಟಿದ್ದರು. ಎರಡೂ ಕಿವಿಗಳಿಂದ ಬರುವ ನರತಂತುಗಳು ಎದುರುಬದುರಾಗಿ ಸಾಗುತ್ತವೆ, ನಡುವೆ ಕೋಶಗಳ ಸಾಲಿದೆ, ಎರಡೂ ಕಡೆಯ ಸುದ್ದಿ ಏಕಕಾಲಕ್ಕೆ ಬಂದು ಸೇರುವ ಕೋಶವೇ ಜೋರಾಗಿ ಮಿಡಿಯುತ್ತದೆ. ಗೂಬೆಯ ಮಿದುಳಿನಲ್ಲಿ ಹೆಚ್ಚುಕಡಿಮೆ ಇಂಥದೇ ಸಾಲನ್ನು ಸಂಶೋಧಕರಾದ ಕ್ಯಾಥರೀನ್ ಕಾರ್ ಮತ್ತು ಮಸಕಾಜು ಕೊನಿಶಿ ತೋರಿಸಿಕೊಟ್ಟರು. ಮೇಲು-ಕೆಳಗಿನ ಅಂದಾಜಿಗೆ ಬೇರೆ ಉಪಾಯವಿದೆ. ಗೂಬೆಯ ಎಡಗಿವಿಯ ತೂತು ಬಲಗಿವಿಗಿಂತ ಮೇಲಿದ್ದು ಕೆಳಮುಖವಾಗಿದೆ. ಹಾಗಾಗಿ ನೆಲದ ಸದ್ದು ಎಡಗಿವಿಗೇ ಜೋರು.

1978ರಲ್ಲಿ ಎರಿಕ್ ನಡ್ಸನ್ ಮತ್ತು ಕೊನಿಶಿ ಗೂಬೆಯ ತಲೆಯ ಸುತ್ತ ಸ್ಪೀಕರ್ ಸರಿಸುತ್ತ ಅದರ ನಡುಮಿದುಳಿನ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಒಂದು ಕೋಶ ಒಂದೇ ದಿಕ್ಕಿಗೆ ಓಗೊಡುತ್ತಿತ್ತು, ಪಕ್ಕದ್ದು ಪಕ್ಕದ ದಿಕ್ಕಿಗೆ. ಕಿವಿಯಲ್ಲಿಲ್ಲದ ನಕ್ಷೆಯನ್ನು ಮಿದುಳು ತಾನೇ ಕಟ್ಟಿಕೊಂಡಿತ್ತು. ಮನೋವಿಜ್ಞಾನದ ಮೊದಲ ವರ್ಷದ ತರಗತಿಯಲ್ಲಿ ಗ್ರಹಿಕೆಯ ಪಾಠ ಈ ಹಕ್ಕಿಯಿಂದಲೇ ಶುರುವಾಗಲಿ ಎಂಬುದು ನನ್ನ ಆಸೆ.

ಆದರೆ ಮರಿಯ ತಲೆ ಬೆಳೆಯುತ್ತ ಹೋದಂತೆ ಕಿವಿಗಳ ನಡುವಿನ ದೂರವೂ ಬದಲಾಗುತ್ತದಲ್ಲ, ಆಗ ಈ ನಕ್ಷೆಯನ್ನು ತಿದ್ದುವವರು ಯಾರು? ನಡ್ಸನ್ ಮರಿಗೂಬೆಗಳಿಗೆ ಪಟ್ಟಕದ ಕನ್ನಡಕ ತೊಡಿಸಿದರು. ಕಂಡದ್ದೆಲ್ಲ 23 ಡಿಗ್ರಿ ಪಕ್ಕಕ್ಕೆ ಸರಿದು ಕಾಣುವಂಥ ಕನ್ನಡಕ. ಗೂಬೆಗೆ ಕಣ್ಣುಗುಡ್ಡೆ ಹೊರಳಿಸಿ ಸರಿಮಾಡಿಕೊಳ್ಳಲು ಬರುವುದಿಲ್ಲ. ಮೊದಲಿಗೆ ಸದ್ದು ಒಂದೆಡೆ, ಸದ್ದು ಮಾಡಿದ ವಸ್ತು ಇನ್ನೊಂದೆಡೆ. ಕೆಲವು ವಾರ ಕಳೆಯುವಷ್ಟರಲ್ಲಿ ಕಿವಿಯ ನಕ್ಷೆಯೇ ಸರಿದು ಕಣ್ಣಿನ ನಕ್ಷೆಗೆ ಹೊಂದಿಕೊಂಡಿತು. ಕನ್ನಡಕ ತೆಗೆದ ಮೇಲೂ, ಕತ್ತಲಲ್ಲೂ, ಮರಿಗಳು ಸ್ವಲ್ಪ ಕಾಲ ಸದ್ದಿನ ಪಕ್ಕಕ್ಕೇ ತಲೆ ತಿರುಗಿಸುತ್ತಿದ್ದವು. ಮಿದುಳಿನಲ್ಲಿ ಹೊಸ ತಂತುಗಳು ಚಿಗುರಿದ್ದವು. ಹಳೆಯವು ಅಳಿದಿರಲಿಲ್ಲ, ಅವುಗಳ ಬಾಯಿ ಕಟ್ಟಿತ್ತು ಅಷ್ಟೆ.

ಕಿವಿ-ಕಣ್ಣು ಜಗಳವಾಡಿದಾಗ ನಮ್ಮಲ್ಲೂ ಸಾಮಾನ್ಯವಾಗಿ ಕಣ್ಣಿನ ಮಾತೇ ನಡೆಯುತ್ತದೆ. ಗೊಂಬೆಯಾಟದಲ್ಲಿ ಮಾತಾಡುವವರು ಗೊಂಬೆಯಿಂದ ದೂರವಿದ್ದರೂ ಮಾತು ಅದರ ಬಾಯಿಂದಲೇ ಬಂದಂತೆ ಕೇಳುತ್ತದೆ. ಒಳಗೆ ನಡೆದ ಈ ಪಂಚಾಯಿತಿ ನಮ್ಮ ಅರಿವಿಗೆ ಬರುವುದೇ ಇಲ್ಲ. ತೀರ್ಪು ಮಾತ್ರ ತಲುಪುತ್ತದೆ, ಅದನ್ನೇ 'ಕೇಳಿಸಿತು' ಎನ್ನುತ್ತೇವೆ.

ಬೆಳೆದ ಗೂಬೆಗಳಿಗೆ ಅದೇ ಕನ್ನಡಕ ಹಾಕಿದರೆ ನಕ್ಷೆ ಅಷ್ಟಾಗಿ ಕದಲುವುದಿಲ್ಲ. ವಯಸ್ಸಾದ ಮೇಲೆ ಕಲಿಕೆ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ, 2005ರಲ್ಲಿ ನಡ್ಸನ್ ಅವರ ತಂಡದಿಂದ ಇನ್ನೊಂದು ಫಲಿತಾಂಶ ಬಂತು. ಸತ್ತ ಇಲಿ ತಿಂದು ಕುಳಿತ ಗೂಬೆಗಳಿಗಿಂತ, ಕನ್ನಡಕ ಹಾಕಿಕೊಂಡೇ ಜೀವಂತ ಇಲಿ ಬೇಟೆಯಾಡಬೇಕಾದ ಗೂಬೆಗಳ ನಕ್ಷೆ ಹಲವು ಪಟ್ಟು ಹೆಚ್ಚು ಸರಿದಿತ್ತು. ಎರಡೂ ಗುಂಪಿನವು ಬೆಳೆದ ಗೂಬೆಗಳೇ, ಕನ್ನಡಕವೂ ಅದೇ.