ಕಲ್ಲು ಕೆತ್ತೋಕೂ ಕಾಲೇಜಾ?
ನಾನು ಬಿಇ ಸೇರಿದಾಗ ‘ಮುಂದೇನು?’ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಚಿಕ್ಕಪ್ಪನ ಮಗ ಮೈಸೂರಿನ ‘ಕಾವಾ’ದಲ್ಲಿ ಶಿಲ್ಪಕಲೆ ಓದುತ್ತೇನೆ ಎಂದಾಗ ಮಾತ್ರ ಎಲ್ಲರೂ ಕೇಳಿದರು: ‘ಕಲ್ಲು ಕೆತ್ತೋಕೂ ಕಾಲೇಜು ಬೇಕೇನೋ?’

ದೇವರ ವಿಗ್ರಹಗಳಿಗೆ ಹೆಸರಾದ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ನಮ್ಮೂರು. ತಾಳಮಾನದ ಅಳತೆ, ಕಲ್ಲಿನ ಗುಣ ಹಿರಿಯರ ಪಕ್ಕ ಕೂತೇ ಬರುತ್ತದೆ, ಒಪ್ಪುತ್ತೇನೆ. ಆದರೆ ಕಲಾ ಇತಿಹಾಸ? ಹೊರಗಿನವರು ಕೇಳುವ ಪದವಿ?

ಕಾವಾ ಸರ್ಕಾರಿ ಕಾಲೇಜು. ‘ತೆರಿಗೆ ದುಡ್ಡಲ್ಲಿ ಚಿತ್ರ ಬರೆಸೋದಾ?’ ಎನ್ನುವ ನನ್ನ ಸಹಪಾಠಿಗಳಿಗೆ ಒಂದು ಸಂಗತಿ: 1906ರಲ್ಲಿ ಅಡಿಗಲ್ಲು ಬಿದ್ದಾಗ ಅದು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ನಡೆಯುವುದೂ ಅದೇ ತೆರಿಗೆಯಲ್ಲಿ. ಪ್ಲೇಸ್‌ಮೆಂಟ್ ಖಾತ್ರಿಯಂತೂ ನನಗೂ ಇಲ್ಲ.

ತಮ್ಮ ಅರ್ಜಿ ತುಂಬಿಟ್ಟಿದ್ದಾನೆ. ಚಿಕ್ಕಪ್ಪನ ಸಹಿ ಇನ್ನೂ ಬಿದ್ದಿಲ್ಲ.