ಗಾಯನ ಪ್ರವಾಸಗಳ ವಹಿವಾಟು: ಸ್ಥಳೀಯ ವ್ಯಾಪಾರಸ್ಥರು ಗಮನಿಸತಕ್ಕ ಅಂಶಗಳು

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಗೊಂಡ ನಂತರ, ಹಳ್ಳಿಯ ಹಾಡು ನಮ್ಮ ಭಾಗದಲ್ಲಿ ಉನ್ನತ ವ್ಯಾಸಂಗದ ವಿಷಯವೂ ಆಗಿದೆ. ಅದೇ ಹಾಡು ಒಂದು ದೊಡ್ಡ ವಹಿವಾಟೂ ಹೌದು ಎಂಬುದನ್ನು ವ್ಯಾಪಾರಸ್ಥ ಬಾಂಧವರು ಅಷ್ಟಾಗಿ ಗಮನಿಸಿದಂತಿಲ್ಲ. ಇದೇ ತಾಲೂಕಿನ ಶಿಶುವಿನಹಾಳದ ಸಂತ ಶರೀಫರ (1819–1889) ತತ್ತ್ವಪದಗಳು ಮೊದಲು ಭಜನಾ ಮೇಳಗಳಲ್ಲಿ ಉಳಿದು ಬಂದವು. ಮುಂದೆ ಸಿ. ಅಶ್ವಥ್ ಅವರ ಕಂಠದಿಂದ ಅವು ಕ್ಯಾಸೆಟ್ಟು ಹಾಗೂ ಚಲನಚಿತ್ರಗಳ ಮೂಲಕ ನಾಡಿನ ಮನೆಮನೆಗೆ ತಲುಪಿದವು. ಅದೇ ಅಶ್ವಥ್ ಅವರು ತಮ್ಮ ಇಳಿವಯಸ್ಸಿನಲ್ಲಿ, 2005ರಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮವನ್ನು ನಡೆಸಿದಾಗ ಸುಮಾರು ಒಂದು ಲಕ್ಷ ಶ್ರೋತೃಗಳು ಸೇರಿದ್ದರೆಂದು ವರದಿಯಾಗಿತ್ತು. ಕನ್ನಡದ ಹಾಡಿಗೂ ಇಷ್ಟು ದೊಡ್ಡ ಮಾರುಕಟ್ಟೆಯುಂಟು ಎಂಬುದು ಅಂದು ಸಿದ್ಧವಾಯಿತು.

ಇಂತಹ ಹಿರಿಯ ಗಾಯಕರೊಬ್ಬರ ಪ್ರವಾಸವು ಒಂದು ಊರಿಗೆ ಬಂದಾಗ ಪೆಂಡಾಲು, ಧ್ವನಿವರ್ಧಕ, ಜನರೇಟರ್, ಮುದ್ರಣ, ವಸತಿ, ಊಟೋಪಚಾರ, ಸಾರಿಗೆ ಮುಂತಾಗಿ ಹತ್ತಾರು ಉದ್ಯೋಗಗಳಿಗೆ ಕೆಲಸ ದೊರೆಯುತ್ತದೆ. ಆದರೆ ಕಾರ್ಯಕ್ರಮವು ನಡೆಯದೇ ಹೋದರೆ ನಷ್ಟವನ್ನು ಹೊರುವವರು ಯಾರು? ಈ ಪ್ರಶ್ನೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಂಪನಿ ನಾಟಕದ ಲೆಕ್ಕ, ಒಂದು ರಾತ್ರಿಯ ಲೆಕ್ಕ

ಪ್ರವಾಸಿ ಕಲೆಯ ವಹಿವಾಟು ನಮಗೆ ಹೊಸದಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯಿಂದ ಹಿಡಿದು, ಗಾಯಕನಟ ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯ ಸಂಘದವರೆಗೆ ಅನೇಕ ವೃತ್ತಿ ಕಂಪನಿಗಳು ಊರೂರಿಗೆ ಸಂಚರಿಸಿ ಕ್ಯಾಂಪು ಹಾಕುತ್ತಿದ್ದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಈ ಪದ್ಧತಿಯನ್ನು ಇಂದಿಗೂ ಕಾಣಬಹುದು.

ಕ್ಯಾಂಪಿನ ವ್ಯವಸ್ಥೆಯಲ್ಲಿ ಕಂಪನಿಯು ಒಂದೇ ಊರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆಲೆಸುತ್ತದೆ. ಪ್ರತಿ ರಾತ್ರಿಯೂ ಟಿಕೆಟ್ಟಿನ ಹಣ ಬರುತ್ತದೆ. ಕಿರಾಣಿ ಅಂಗಡಿಯವನು ಉದ್ರಿ ಕೊಟ್ಟರೂ ಮರುದಿನವೇ ಹೋಗಿ ಕೇಳಬಹುದು; ಒಂದು ರಾತ್ರಿಯ ಆಟ ಮಳೆಯಿಂದ ನಿಂತರೂ ಮುಂದಿನ ಆಟಗಳಲ್ಲಿ ನಷ್ಟ ತುಂಬಿಕೊಳ್ಳಬಹುದು.

ದೊಡ್ಡ ಗಾಯನ ಪ್ರವಾಸದ ರೀತಿಯೇ ಬೇರೆ. ಎರಡು ಮೂರು ದಿನಗಳ ಸಿದ್ಧತೆ, ಒಂದೇ ರಾತ್ರಿಯ ಕಾರ್ಯಕ್ರಮ, ಮರುದಿನ ಬೆಳಗಾಗುವುದರೊಳಗೆ ತಂಡವು ಮುಂದಿನ ಊರಿಗೆ ಪ್ರಯಾಣ. ಟಿಕೆಟ್ಟಿನ ಹಣವು ಮುಂಚಿತವಾಗಿಯೇ ಸಂಘಟಕರ ಖಾತೆಗೆ ಜಮೆಯಾಗುತ್ತದೆ. ದೊಡ್ಡ ಕಲಾವಿದರು ಸಾಮಾನ್ಯವಾಗಿ ಸಂಭಾವನೆಯ ಬಹುಭಾಗವನ್ನು ಮುಂಗಡವಾಗಿಯೇ ಪಡೆಯುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಬಿಲ್ಲು ಹಿಡಿದು ಕಾಯುವವರು ಸ್ಥಳೀಯ ಸರಬರಾಜುದಾರರು ಮಾತ್ರ. ಹಳೆಯ ಕ್ಯಾಂಪಿನ ಕಾಲದ ಉದ್ರಿ ಪದ್ಧತಿಯನ್ನು ಈ ವಹಿವಾಟಿಗೆ ಅನ್ವಯಿಸುವುದು ಅಪಾಯಕರವಾಗಲು ಇದೇ ಕಾರಣ.

ಡಬ್ಲಿನ್ ನಗರದ ಪಾಠ

ಇದಕ್ಕೆ ಅತ್ಯುತ್ತಮ ನಿದರ್ಶನವು ಐರ್ಲೆಂಡ್ ದೇಶದ ರಾಜಧಾನಿ ಡಬ್ಲಿನ್‌ನಲ್ಲಿ ದೊರೆಯುತ್ತದೆ. ಅಮೆರಿಕದ ಹಳ್ಳಿಗಾಡಿನ ಹಾಡುಗಾರಿಕೆಯಿಂದ ಬೆಳೆದು ಬಂದ ‘ಕಂಟ್ರಿ’ ಸಂಗೀತದ ಪ್ರಖ್ಯಾತ ಗಾಯಕ ಗಾರ್ತ್ ಬ್ರೂಕ್ಸ್ ಅವರು ಹಲವು ವರ್ಷಗಳ ನಿವೃತ್ತಿಯ ನಂತರ 2014ರಲ್ಲಿ ಪುನಃ ಪ್ರವಾಸ ಹೊರಡಲು ನಿರ್ಧರಿಸಿದರು. ಜುಲೈ ತಿಂಗಳಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಸತತ ಐದು ರಾತ್ರಿಗಳ ಕಾರ್ಯಕ್ರಮ ಗೊತ್ತಾಯಿತು. ಸುಮಾರು 4 ಲಕ್ಷ ಟಿಕೆಟ್ಟುಗಳು ಮಾರಾಟವಾದವು.

ಆದರೆ ಟಿಕೆಟ್ಟುಗಳು ಮಾರಾಟವಾದಾಗ ಪರವಾನಗಿಯು ಇನ್ನೂ ದೊರೆತಿರಲಿಲ್ಲ. ಆ ಕ್ರೀಡಾಂಗಣದಲ್ಲಿ ವರ್ಷಕ್ಕೆ ಮೂರು ದೊಡ್ಡ ಸಂಗೀತ ಕಾರ್ಯಕ್ರಮಗಳು ನಡೆಯುವುದು ವಾಡಿಕೆ. ಆ ವರ್ಷದ ಮೇ ತಿಂಗಳಲ್ಲಿಯೇ ಬೇರೊಂದು ತಂಡದ ಮೂರು ಕಾರ್ಯಕ್ರಮಗಳು ಮುಗಿದಿದ್ದವು. ಸುತ್ತಲಿನ ನಿವಾಸಿಗಳು ಆಕ್ಷೇಪಣೆ ಸಲ್ಲಿಸಿದರು. ಜುಲೈ ಮೊದಲ ವಾರದಲ್ಲಿ ನಗರಸಭೆಯು ಮೂರು ರಾತ್ರಿಗಳಿಗೆ ಒಪ್ಪಿಗೆ ನೀಡಿ, ಎರಡು ರಾತ್ರಿಗಳಿಗೆ ನಿರಾಕರಿಸಿತು. ಐದೂ ನಡೆಯಬೇಕು, ಇಲ್ಲವಾದರೆ ಒಂದೂ ಬೇಡವೆಂದು ಗಾಯಕರು ಪಟ್ಟು ಹಿಡಿದ ಪರಿಣಾಮವಾಗಿ ಐದೂ ರದ್ದಾದವು. ನಗರದ ಹೋಟೆಲು, ಉಪಾಹಾರ ಗೃಹ, ಸಾರಿಗೆ ಮುಂತಾದ ಉದ್ಯಮಗಳಿಗೆ ತಪ್ಪಿದ ವಹಿವಾಟು ಸುಮಾರು 5 ಕೋಟಿ ಯೂರೋಗಳೆಂದು ಆಗ ಅಂದಾಜಿಸಲಾಗಿತ್ತು.

ಗಾಯಕರ ವಹಿವಾಟಿಗೆ ಇದರಿಂದ ಶಾಶ್ವತ ಧಕ್ಕೆಯೇನೂ ಆಗಲಿಲ್ಲ. ಅದೇ ವರ್ಷ ಆರಂಭವಾದ ಅವರ ಪ್ರವಾಸವು 2017ರವರೆಗೆ ನಡೆದು, 60 ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳು ಮಾರಾಟವಾದವು. 2022ರ ಸೆಪ್ಟೆಂಬರ್‌ನಲ್ಲಿ ಅವರು ಡಬ್ಲಿನ್‌ಗೆ ಮರಳಿ ಅದೇ ಕ್ರೀಡಾಂಗಣದಲ್ಲಿ ಐದು ರಾತ್ರಿ ಹಾಡಿದರು. ಆದರೆ 2014ರ ಆ ಒಂದು ವಾರವನ್ನೇ ನಂಬಿ ಬಂಡವಾಳ ಹೂಡಿದ ಸಣ್ಣ ವ್ಯಾಪಾರಸ್ಥನಿಗೆ ಎಂಟು ವರ್ಷ ಕಾಯುವ ಶಕ್ತಿಯೆಲ್ಲಿರುತ್ತದೆ? ಟಿಕೆಟ್ಟಿಗೆ ಮರುಪಾವತಿಯುಂಟು, ತುಂಬಿಟ್ಟ ಸರಕಿಗೆ ಮರುಪಾವತಿಯಿಲ್ಲ.

ಪರವಾನಗಿಯನ್ನು ಮೊದಲು ಕೇಳಿರಿ

ಆದುದರಿಂದ ಕೆಲಸ ಒಪ್ಪಿಕೊಳ್ಳುವ ಮುನ್ನ ಸಂಘಟಕರ ಬಳಿ ಯಾವ ಯಾವ ಅನುಮತಿಗಳಿವೆ ಎಂಬುದನ್ನು ತಿಳಿಯುವುದು ಸರಬರಾಜುದಾರನ ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದು. ಮೈದಾನದ ಒಡೆಯರ ಒಪ್ಪಿಗೆ, ಪೊಲೀಸ್ ಅನುಮತಿ, ಅಗ್ನಿಶಾಮಕ ಇಲಾಖೆ ಹಾಗೂ ಸ್ಥಳೀಯ ಸಂಸ್ಥೆಯ ಪತ್ರಗಳು ಇವುಗಳಲ್ಲಿ ಮುಖ್ಯವಾದವು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ತೆರೆದ ಸ್ಥಳಗಳಲ್ಲಿ ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಅದರ ಬಳಕೆ ನಿಷಿದ್ಧ. ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸಂಘಟಕರು ಈ ಸಡಿಲಿಕೆಯನ್ನು ನಂಬಿ ಕಾರ್ಯಕ್ರಮ ಗೊತ್ತುಪಡಿಸಿದ್ದರೆ ಅದರ ಆದೇಶವನ್ನು ಕಣ್ಣಾರೆ ನೋಡುವುದು ಲೇಸು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡ ಮೇಲಂತೂ ಜನಸಂದಣಿಯ ಅನುಮತಿಯನ್ನು ಕೇವಲ ಔಪಚಾರಿಕವೆಂದು ಯಾರೂ ಭಾವಿಸಲಾಗದು.

ಮುಂಗಡದ ಪ್ರಮಾಣ

ಮುಂಗಡ ಎಷ್ಟಿರಬೇಕೆಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಪೆಂಡಾಲಿನ ಗುತ್ತಿಗೆ ರೂ. 4 ಲಕ್ಷ ಎಂದಿಟ್ಟುಕೊಳ್ಳೋಣ. ಕೂಲಿ, ಲಾರಿ ಬಾಡಿಗೆ, ಹೊರಗಿನಿಂದ ತಂದ ಸಾಮಗ್ರಿ ಸೇರಿ ಕಾರ್ಯಕ್ರಮಕ್ಕೆ ಮುಂಚೆಯೇ ರೂ. 2.5 ಲಕ್ಷ ಖರ್ಚಾಗುತ್ತದೆ. ಮುಂಗಡವಾಗಿ ಕಾಲುಭಾಗ, ಅಂದರೆ ರೂ. 1 ಲಕ್ಷ ಮಾತ್ರ ಬಂದಿದ್ದರೆ, ಕಾರ್ಯಕ್ರಮ ರದ್ದಾದ ದಿನ ರೂ. 1.5 ಲಕ್ಷ ಕೈಯಿಂದ ಹೋದಂತೆಯೇ. ಗೋದಾಮಿನಿಂದ ಲಾರಿ ಹೊರಡುವ ಹೊತ್ತಿಗೆ ಕೈಗೆ ಬಂದ ಹಣವು ಕೈಯಿಂದ ಹೋಗುವ ಹಣಕ್ಕಿಂತ ಕಡಿಮೆ ಇರಬಾರದು ಎಂಬುದೇ ಇಲ್ಲಿಯ ಸೂತ್ರ. ಲಾಭದ ಭಾಗವನ್ನು ಬೇಕಾದರೆ ಕಾರ್ಯಕ್ರಮದ ನಂತರ ಪಡೆಯಬಹುದು, ಖರ್ಚಿನ ಭಾಗವನ್ನಲ್ಲ.

ಪೆಂಡಾಲು, ಧ್ವನಿ, ಬೆಳಕು ಇವು ಸೇವೆಗಳಾದ್ದರಿಂದ, ನೋಂದಾಯಿತ ವ್ಯಾಪಾರಸ್ಥರು ಮುಂಗಡ ಪಡೆದಾಗಲೇ ಅದರ ಮೇಲೆ ಜಿಎಸ್‌ಟಿ ಹೊಣೆ ಬರುತ್ತದೆ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಜನಪದ ಅಥವಾ ಶಾಸ್ತ್ರೀಯ ಕಲಾವಿದರ ಪ್ರದರ್ಶನಕ್ಕೆ ರೂ. 1.5 ಲಕ್ಷದವರೆಗಿನ ಸಂಭಾವನೆಗೆ ವಿನಾಯಿತಿಯುಂಟು. ಆದರೆ ಈ ವಿನಾಯಿತಿಯು ಕಲಾವಿದರದೇ ಹೊರತು ಸರಬರಾಜುದಾರರದಲ್ಲ.

ಬಾಕಿ ವಸೂಲಿಗೆ ಕಾನೂನಿನ ನೆರವು

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳ ಬಾಕಿಗೆ ವಿಶೇಷ ರಕ್ಷಣೆ ನೀಡಿದೆ. ಲಿಖಿತ ಕರಾರು ಇದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅನ್ವಯಿಸುತ್ತದೆ. ಮುದ್ರಕರು, ಪೆಂಡಾಲಿನವರು, ಧ್ವನಿ ಮತ್ತು ಜನರೇಟರ್ ಸೇವೆಯವರು ಉದ್ಯಮ್ ನೋಂದಣಿ ಪಡೆದಿದ್ದರೆ ಇದರ ಲಾಭ ಪಡೆಯಬಹುದು. ನೋಂದಣಿಯು ಕೆಲಸ ಒಪ್ಪಿಕೊಳ್ಳುವ ಮುನ್ನವೇ ಆಗಿರುವುದು ಕ್ಷೇಮ. ಕೇವಲ ಕೊಂಡು ಮಾರುವ ಸಗಟು ಹಾಗೂ ಚಿಲ್ಲರೆ ವ್ಯಾಪಾರಸ್ಥರಿಗೆ ಉದ್ಯಮ್ ನೋಂದಣಿಯಿಂದ ಬ್ಯಾಂಕಿನ ಆದ್ಯತಾ ಸಾಲದ ಅನುಕೂಲವಷ್ಟೇ ದೊರೆಯುವುದರಿಂದ, ಅವರಿಗೆ ಮುಂಗಡವೇ ಮುಖ್ಯ ರಕ್ಷಣೆ.

ಕರಾರಿನಲ್ಲಿ ನಾಲ್ಕು ಸಂಗತಿಗಳು ಸ್ಪಷ್ಟವಾಗಿರಲಿ: ಹಣ ಕೊಡುವ ಹೊಣೆಗಾರರು ಯಾರು, ಯಾವ ದಿನಕ್ಕೆ ಎಷ್ಟು ಹಣ, ರದ್ದಾದರೆ ಅಥವಾ ಮುಂದೂಡಿದರೆ ಮುಂಗಡದ ಗತಿಯೇನು, ಸಾಮಗ್ರಿಗೆ ಹಾನಿಯಾದರೆ ಭರಿಸುವವರು ಯಾರು. ಗಾಯಕರ ಹೆಸರು ದೊಡ್ಡದೆಂದು ನಂಬಿ ಕೆಲಸ ಮಾಡಲಾಗದು. ಬಿಲ್ಲು ಪಾವತಿಸುವವರು ಗಾಯಕರಲ್ಲ, ಸಂಘಟಕರು.

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಗೊಟಗೋಡಿ, ಶಿಗ್ಗಾಂವಿಗಳಿಗೂ, 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿದ ಹಾವೇರಿಗೂ ದೊಡ್ಡ ಕಾರ್ಯಕ್ರಮಗಳನ್ನು ಬರಮಾಡಿಕೊಳ್ಳುವ ಅನುಕೂಲವುಂಟು. ಒಬ್ಬೊಬ್ಬರೇ ಸಂಘಟಕರೊಡನೆ ಚೌಕಾಸಿಗಿಳಿದರೆ ದರವೂ ಇಳಿಯುತ್ತದೆ, ಮುಂಗಡವೂ ಇಳಿಯುತ್ತದೆ. ಒಂದೇ ವೃತ್ತಿಯವರು ಕಲೆತು ಮುಂಗಡ ಮತ್ತು ರದ್ದತಿಯ ಬಗೆಗೆ ಸಮಾನ ಷರತ್ತುಗಳನ್ನು ಮೊದಲೇ ನಿಗದಿಪಡಿಸಿಕೊಂಡರೆ, ಬರುವ ಕಾರ್ಯಕ್ರಮಗಳಿಂದ ಊರಿಗೂ ಉದ್ಯಮಕ್ಕೂ ಹಿತವಾದೀತು.